ಹವಳದ ತೊಟ್ಟಿಗೆ ಬೆಳಕು ಅಳೆದದ್ದು

ಡಾಕ್ಟರ ಫೋನ್ ಬಂದಾಗ ನಾನು ಹುಣಸೂರಿನ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುತ್ತ ಕೂತಿದ್ದೆ. ಭಾನುವಾರ ಕ್ಯಾಮೆರಾ ತೆಗೆದುಕೊಂಡು ಕೆ.ಆರ್. ನಗರಕ್ಕೆ ಬಾ, ಮನೆಯಲ್ಲಿ ಫೋಟೋ ತೆಗೆಯುವುದಿದೆ ಎಂದಳು. ಯಾರದ್ದು, ನಾಮಕರಣವೇನೇ ಎಂದು ಕೇಳಿದೆ. "ಹವಳದ್ದು ಕಣೇ" ಎಂದಳು. ಕಿವಿಗೆ ಸರಿಯಾಗಿ ಬೀಳಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಹವಳದ್ದೇ.

ಅವಳು ಹೆರಿಗೆ ಡಾಕ್ಟರು. ಕೆಳಗೆ ನರ್ಸಿಂಗ್ ಹೋಮ್, ಮೇಲೆ ಮನೆ. ಹಾರನಹಳ್ಳಿಯಲ್ಲಿ ಹೈಸ್ಕೂಲು ಓದುವಾಗ ನಾವಿಬ್ಬರೂ ಒಂದೇ ಬೆಂಚಿನವರು. ಮೂರು ವರ್ಷವೂ ಅವಳು ಮೊದಲನೆಯವಳು, ನಾನು ಎರಡನೆಯವಳು. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ ನಾನು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆ. ನನ್ನ ಹೆಸರು ಸಿಕ್ಕಿದ ಮೇಲೆ ಅದರ ಮೇಲಿನ ಒಂದು ಸಾಲನ್ನು ಓದದೆ ತಿರುಗಿಬಿಡುತ್ತಿದ್ದೆ. ಅವಳು ಮೆಡಿಕಲ್‌ಗೆ ಹೋದಳು. ನಾನು ಸೋದರಮಾವನ ಸ್ಟುಡಿಯೋಗೆ ಬಂದೆ, ಆಮೇಲೆ ಅದು ನನ್ನದಾಯಿತು. ಇದನ್ನು ಇಲ್ಲೇ ಹೇಳಿಬಿಡುವುದು ಯಾಕೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಬೇರೆ ಕಾರಣ ಇಲ್ಲ.

ಆ ಭಾನುವಾರ ಅವಳ ಮನೆಯ ಹಾಲಿನಲ್ಲಿ ನಾಲ್ಕಡಿ ಉದ್ದ, ಎರಡಡಿ ಎತ್ತರದ ಗಾಜಿನ ತೊಟ್ಟಿ ನೋಡಿದೆ. ಒಳಗೆ ಉಪ್ಪುನೀರು, ತೂತುತೂತಾದ ಬಂಡೆಗಳು, ಬಂಡೆಗಳ ಮೇಲೆ ಹೂವೋ ಪ್ರಾಣಿಯೋ ತಿಳಿಯದ ವಸ್ತುಗಳು. ಮೀನುಗಳು ಎರಡೇ ಇದ್ದವು. ಲಕ್ಷದ್ವೀಪಕ್ಕೆ ಹೋಗಿದ್ದಾಗ ಗಾಜಿನ ತಳದ ದೋಣಿಯಲ್ಲಿ ಕೂತು ಇವುಗಳನ್ನು ನೋಡಿದಳಂತೆ, ಅಂದಿನಿಂದ ಹುಚ್ಚು ಹತ್ತಿತಂತೆ. ಆಗಿನ್ನೂ ಹವಳದ ವಿಷಯದಲ್ಲಿ ಈಗಿನ ಕಟ್ಟುಪಾಡುಗಳು ಬಂದಿರಲಿಲ್ಲ. ಹೊರದೇಶದಿಂದ ಮದ್ರಾಸಿಗೆ ಬಂದ ಹವಳಗಳನ್ನು ಒಬ್ಬ ವ್ಯಾಪಾರಿ ಪ್ಲಾಸ್ಟಿಕ್ ಚೀಲದ ನೀರಿನಲ್ಲಿಟ್ಟು ಕಳಿಸಿದ್ದ. ನಾನು ಅಲ್ಲಿಯವರೆಗೆ ಸಮುದ್ರವನ್ನು ನೋಡಿದ್ದೇ ಒಂದು ಸಲ, ಮದುವೆಯ ಫೋಟೋ ತೆಗೆಯಲು ಮಂಗಳೂರಿಗೆ ಹೋದಾಗ, ಬಸ್ಸಿನ ಕಿಟಕಿಯಿಂದ. ಇವಳು ಸಮುದ್ರವನ್ನು ತಂದು ಸೋಫಾದ ಎದುರಿಗೆ ಇಟ್ಟುಕೊಂಡಿದ್ದಳು. ಕೈಯಲ್ಲಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ.

ಅವುಗಳ ಇಂಗ್ಲಿಷ್ ಹೆಸರುಗಳು ನನ್ನ ನಾಲಿಗೆಗೆ ಹತ್ತಲಿಲ್ಲ. ನೋಟ್‌ಬುಕ್ಕಿನಲ್ಲಿ ನನ್ನದೇ ಹೆಸರು ಬರೆದುಕೊಂಡೆ. ಬಂಡೆಗೆ ಅಂಟಿಕೊಂಡು ಅಗಲವಾಗಿ ಹರಡಿದ್ದ ನಾಲ್ಕು ಅಣಬೆ ಹವಳ. ಶರ್ಟಿನ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತಿದ್ದ ಗುಂಡಿ ಹವಳ. ಮಧ್ಯದಲ್ಲಿ, ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆಗಳನ್ನು ಉಬ್ಬಿಸಿಕೊಂಡು ಕೂತಿದ್ದ ಒಂದೇ ಒಂದು ಗುಳ್ಳೆ ಹವಳ. ಅದು ಅವಳಿಗೆ ಪ್ರಾಣ.

ಕಷ್ಟ ಏನಿತ್ತೆಂದರೆ, ಎಲ್ಲವೂ ಮಂಕಾಗಿದ್ದವು. ಬಂದಾಗ ಇದ್ದ ಬಣ್ಣ ಈಗಿಲ್ಲ, ಎಲ್ಲ ಕಂದು ತಿರುಗಿದೆ, ಕತ್ತು ಉದ್ದ ಮಾಡಿಕೊಂಡು ಮೇಲಕ್ಕೆ ಚಾಚುತ್ತಿವೆ ಎಂದಳು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಬೆಳಕಿನಲ್ಲಿ ಆ ಪಾಚಿ ಮಾಡುವ ಅಡಿಗೆಯೇ ಹವಳಕ್ಕೂ ಊಟ ಎಂದು ವಿವರಿಸಿದಳು. ಇಂಟರ್‌ನೆಟ್ ಆಗಷ್ಟೇ ನಮ್ಮ ಕಡೆ ಬಂದಿತ್ತು. ಅದರಲ್ಲಿ ಹವಳ ಸಾಕುವ ಹೊರದೇಶದವರು ಪರಿಚಯವಾಗಿದ್ದರು. ಫೋಟೋ ಕಳಿಸಿದರೆ ನೋಡಿ ಹೇಳುತ್ತೇವೆ ಎಂದಿದ್ದರು. ಅದಕ್ಕೇ ನನ್ನನ್ನು ಕರೆಸಿದ್ದು.

ನಾನು ಕೆಲಸ ಶುರುಮಾಡಿದೆ. ಗಾಜಿನಲ್ಲಿ ನಮ್ಮದೇ ಮುಖ ಕಾಣದಂತೆ ಸುತ್ತ ಕಪ್ಪು ಬಟ್ಟೆ ಕಟ್ಟಿದೆ. ಟ್ರೈಪಾಡಿನ ಮೂರು ಕಾಲುಗಳು ನಿಂತ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿದೆ, ಮುಂದಿನ ಸಲವೂ ಅದೇ ಜಾಗದಿಂದಲೇ ತೆಗೆಯಬೇಕೆಂದು. ಪ್ರತಿ ರೋಲಿನ ಮೊದಲ ಫೋಟೋದಲ್ಲಿ ಒಂದು ಬೂದು ಬಣ್ಣದ ಕಾರ್ಡನ್ನು ಗಾಜಿಗೆ ಒರಗಿಸಿ ಸೇರಿಸಿಕೊಂಡೆ. ಪ್ರಿಂಟಿನಲ್ಲಿ ಆ ಕಾರ್ಡು ಬೂದಾಗಿಯೇ ಬಂದರೆ ಉಳಿದ ಬಣ್ಣಗಳೂ ನಿಜ ಎಂದು ಲೆಕ್ಕ. ಸೀರೆ ಅಂಗಡಿಯವರ ಕೆಲಸದಲ್ಲಿ ಕಲಿತ ಉಪಾಯ ಅದು.

ತೊಟ್ಟಿಯ ಮೇಲೆ ನಾಲ್ಕು ಸಾಧಾರಣ ಟ್ಯೂಬ್‌ಲೈಟುಗಳಿದ್ದವು. ನನ್ನ ಬಳಿ ಮಾವನ ಕಾಲದ ಲೈಟ್ ಮೀಟರ್ ಇತ್ತು. ಅದನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಉದ್ದ ಸ್ಕೇಲಿಗೆ ಕಟ್ಟಿ, ನೀರಿಗೆ ಇಳಿಸಿ ಮೇಲೆ, ನಡುವೆ, ತಳದಲ್ಲಿ ಬೆಳಕು ಅಳೆದೆ. ತಳದಲ್ಲಿ ಮೇಲಿನದಕ್ಕಿಂತ ಮೂರು ಸ್ಟಾಪ್ ಕಡಿಮೆ. ಅಂದರೆ ಎಂಟರಲ್ಲಿ ಒಂದು ಪಾಲು. ಇದನ್ನು ಹೇಳಿದಾಗ ಡಾಕ್ಟರಿಗೆ ಬಹಳ ಖುಷಿಯಾಯಿತು. ಇಷ್ಟು ದಿನ ಇದನ್ನು ಅಳೆಯಬಹುದು ಎಂದೇ ಹೊಳೆದಿರಲಿಲ್ಲ, ಲೈಟಿನ ಕೆಲಸ ಪೂರ್ತಿ ನೀನೇ ನೋಡಿಕೋ ಎಂದಳು. ಅವಳಿಗೆ ಗೊತ್ತಿಲ್ಲದ್ದೊಂದು ನನಗೆ ಗೊತ್ತಿತ್ತು. ಹುಣಸೂರಿಗೆ ವಾಪಸು ಬರುವ ಬಸ್ಸಿನಲ್ಲಿ ಆ ಸಂತೋಷವನ್ನು ನಾನು ಪೆಪ್ಪರಮಿಂಟಿನ ಹಾಗೆ ಬಾಯಲ್ಲಿ ಇಟ್ಟುಕೊಂಡು ಬಂದೆ.

ಮೂರು ವಾರ ಅದರಲ್ಲೇ ಮುಳುಗಿದೆ. ಟ್ಯೂಬುಗಳ ಹಿಂದೆ ಬಿಳಿ ಬಣ್ಣ ಬಳಿದ ತಗಡು ಬಾಗಿಸಿ ಇಟ್ಟರೆ ಎಷ್ಟು ಬೆಳಕು ಹೆಚ್ಚುತ್ತದೆಂದು ಸ್ಟುಡಿಯೋದಲ್ಲೇ ಬಕೆಟ್ ನೀರು ಇಟ್ಟು ಅಳೆದೆ. ನೀರು ಮೊದಲು ಕೆಂಪನ್ನು ನುಂಗುತ್ತದೆ, ಆಳಕ್ಕೆ ಹೋಗುವುದು ನೀಲಿ. ಹಾಗಾಗಿ ಎರಡು ನೀಲಿ ಟ್ಯೂಬು ಬೇಕು ಎಂದು ತೀರ್ಮಾನಿಸಿದೆ. ಮೈಸೂರಿನಲ್ಲಿ ಹುಡುಕಿ, ಸಿಗದೆ, ಬೆಂಗಳೂರಿಗೆ ಹೇಳಿ ತರಿಸಿದೆ. ಮೊದಲು ತಗಡು, ಎರಡು ವಾರ ಬಿಟ್ಟು ಒಂದು ನೀಲಿ, ಇನ್ನೆರಡು ವಾರಕ್ಕೆ ಇನ್ನೊಂದು. ಹೀಗೆ ಮೆಲ್ಲಗೆ ಏರಿಸುವ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದುಕೊಂಡು ಹೋದೆ.

ಅವಳು ಪಟ್ಟಿಯನ್ನು ಅರ್ಧ ಓದಿ ಟೇಬಲಿನ ಮೇಲಿಟ್ಟಳು. ಅಷ್ಟರಲ್ಲಿ ಹೊರದೇಶದವರ ಉತ್ತರ ಬಂದಿತ್ತು. ಮೆಟಲ್ ಹ್ಯಾಲೈಡ್ ಲ್ಯಾಂಪ್ ಹಾಕಿ ಎಂದಿದ್ದರು. ದೊಡ್ಡ ಅಂಗಡಿಗಳ ಮುಂದೆ, ಆಟದ ಮೈದಾನದಲ್ಲಿ ಹಾಕುವ ಲ್ಯಾಂಪು, ಇನ್ನೂರೈವತ್ತು ವ್ಯಾಟಿನದು. ಅವಳು ಆಗಲೇ ತರಿಸಿಯೂ ಆಗಿತ್ತು. ಒಂದೇ ಸಲಕ್ಕೆ ಇಷ್ಟು ಬೇಡ, ಮೆಲ್ಲಗೆ ಏರಿಸೋಣ ಎಂದು ನಾನು ಒಂದು ಮಾತು ಹೇಳಿದೆ. ಅವಳು ನಕ್ಕಳು. ಕೆಟ್ಟ ನಗುವೇನಲ್ಲ.

"ನೀನು ಫೋಟೋ ಚೆನ್ನಾಗಿ ಬರಕ್ಕೆ ಲೈಟ್ ನೋಡೋಳು ಕಣೇ. ಇದು ಬಯಾಲಜಿ" ಎಂದಳು.

ಅವಳಿಗೆ ಅದು ನೆನಪೂ ಇರಲಿಕ್ಕಿಲ್ಲ. ಆದರೆ ನನಗೆ ಗೋಡೆಯ ಮೇಲಿನ ಅಂಕಪಟ್ಟಿ ಕಣ್ಣಿಗೆ ಕಟ್ಟಿತು. ಆಗಲೂ ಬಯಾಲಜಿಯಲ್ಲೇ ನಾನು ಅವಳಿಗಿಂತ ನಾಲ್ಕು ಅಂಕ ಹಿಂದೆ ಬಿದ್ದದ್ದೆಂದು ಮೇಷ್ಟ್ರು ಹೇಳಿದ್ದರು. ಸರಿ, ನಿಮ್ಮಿಷ್ಟ ಎಂದೆ. ಏಕವಚನದ ಗೆಳತಿಗೆ 'ನಿಮ್ಮಿಷ್ಟ' ಎಂದದ್ದೂ ಅವಳಿಗೆ ಕೇಳಿಸಲಿಲ್ಲ.

ಲ್ಯಾಂಪನ್ನು ಕೂರಿಸಿದ್ದು ನರ್ಸಿಂಗ್ ಹೋಮಿನ ಎಲೆಕ್ಟ್ರಿಷಿಯನ್. ಐವತ್ತರ ಹತ್ತಿರದ ಮನುಷ್ಯ, ಆ ಕಟ್ಟಡದ ಒಂದೊಂದು ವೈರನ್ನೂ ಅವರೇ ಎಳೆದಿದ್ದರು. ಚೋಕ್ ಬಿಸಿಯಾಗುತ್ತದೆಂದು ಅದನ್ನು ದೂರ ಗೋಡೆಗೆ ಬಿಗಿದು, ಲ್ಯಾಂಪನ್ನು ಡಾಕ್ಟರು ತೋರಿಸಿದ ಹಾಗೆ ನೀರಿನಿಂದ ಒಂದೇ ಗೇಣು ಮೇಲೆ ತೂಗುಹಾಕಿದರು. ಸ್ವಿಚ್ ಹಾಕಿದಾಗ ಮೊದಲು ಕೆಂಡದ ಹಾಗೆ ಮಿಣುಕಿತು. ನಾಲ್ಕೈದು ನಿಮಿಷಕ್ಕೆ ಪೂರ್ತಿ ಬೆಳಕು ಬಂತು.

ಆ ನೋಟವನ್ನು ನಾನು ಮರೆಯಲಾರೆ. ಟ್ಯೂಬ್‌ಲೈಟಿನಲ್ಲಿ ಸತ್ತಂತಿದ್ದ ನೀರಿಗೆ ಜೀವ ಬಂತು. ಅಲೆಯ ನೆರಳುಗಳು ಬಂಡೆಗಳ ಮೇಲೆ ಬಲೆ ಬೀಸಿದಂತೆ ಓಡಾಡಿದವು. ಕೆಳಗಿನಿಂದ ನರ್ಸುಗಳು ಬಂದರು, ಬಾಣಂತಿಯರ ಮನೆಯವರು ಬಂದರು, ಒಬ್ಬ ಅಜ್ಜಿ ಗಾಜಿಗೆ ಕೈಮುಗಿದಳು. ಎಲ್ಲರೂ ಡಾಕ್ಟರನ್ನು ಹೊಗಳಿದರು. ನಾನು ಮೀಟರನ್ನು ನೀರಿಗೆ ಇಳಿಸಿದೆ. ಮೊದಲು ನೀರಿನ ಮೇಲೆ ಎಷ್ಟು ಬೆಳಕಿತ್ತೋ ಅಷ್ಟು ಈಗ ತಳದಲ್ಲಿತ್ತು. ಒಂದೇ ದಿನದಲ್ಲಿ ಎಂಟು ಪಟ್ಟು.

ನಮ್ಮಪ್ಪ ಹೊಗೆಸೊಪ್ಪು ಬೆಳೆದವರು. ಬ್ಯಾರನ್ ಎನ್ನುವ ಒಣಗಿಸುವ ಮನೆಯಲ್ಲಿ ಸೊಪ್ಪು ಬೇಯಿಸುವಾಗ ಶಾಖವನ್ನು ಡಿಗ್ರಿ ಡಿಗ್ರಿಯಾಗಿ ಏರಿಸುತ್ತಿದ್ದರು. ಆತುರಪಟ್ಟು ಬೆಂಕಿ ಹೆಚ್ಚು ಮಾಡಿದರೆ ಎಲೆ ಹಳದಿಗೆ ತಿರುಗುವ ಮೊದಲೇ ಹಸಿರಾಗಿಯೇ ಒಣಗಿ, ಬೆಲೆ ಕೆಡುತ್ತಿತ್ತು. ಹವಳ ಬೇರೆ, ಹೊಗೆಸೊಪ್ಪು ಬೇರೆ. ಆದರೂ ಜೀವವಿರುವ ಯಾವುದಕ್ಕೂ ಒಂದೇ ದಿನದಲ್ಲಿ ಎಂಟು ಪಟ್ಟು ಏರಿಸುವುದು ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಾರಿಗೂ ಹೇಳಲಿಲ್ಲ. ಬಯಾಲಜಿ ಅವಳದ್ದಲ್ಲವೇ.

ಹದಿನೈದು ದಿನಕ್ಕೆ ಮತ್ತೆ ಹೋಗಿ ಫೋಟೋ ತೆಗೆದೆ. ರೋಲನ್ನು ಮೈಸೂರಿನ ಕಲರ್ ಲ್ಯಾಬಿಗೆ ಕಳಿಸುವಾಗ ಕಾರ್ಡ್ ನೋಡಿಕೊಂಡು ಪ್ರಿಂಟ್ ಮಾಡಿ ಎಂದು ಬರೆಯುವುದು ಮರೆತೆ. ಲ್ಯಾಬಿನ ಮಿಷನ್ನಿಗೆ ಒಂದು ಚಾಳಿ ಇದೆ. ಏನು ಕೊಟ್ಟರೂ ಅದನ್ನು ಚೆಂದ ಮಾಡುತ್ತದೆ. ಮಂಕಾದದ್ದನ್ನು ಗಾಢ ಮಾಡುತ್ತದೆ, ಬಿಳಿಚಿಕೊಂಡದ್ದಕ್ಕೆ ಬಣ್ಣ ತುಂಬುತ್ತದೆ. ಮದುವೆ ಫೋಟೋಗಳಿಗೆ ಅದೇ ಬೇಕು. ಬಂದ ಪ್ರಿಂಟುಗಳಲ್ಲಿ ಹವಳಗಳು ಕ್ಯಾಲೆಂಡರಿನ ಚಿತ್ರದಂತಿದ್ದವು. ಆದರೆ ಮೊದಲ ಫೋಟೋದಲ್ಲಿ ನನ್ನ ಬೂದು ಕಾರ್ಡು ಕಂದು ಬಣ್ಣಕ್ಕೆ ತಿರುಗಿತ್ತು. ಅನುಮಾನ ಬಂದು ಅದೇ ನೆಗೆಟಿವ್‌ಗಳನ್ನು ವಾಪಸು ಕಳಿಸಿ, ಕಾರ್ಡಿಗೆ ಹೊಂದಿಸಿ ಇನ್ನೊಂದು ಸೆಟ್ ಮಾಡಿಸಿದೆ.

ಎರಡನೆಯ ಸೆಟ್ಟನ್ನು ಸ್ಟುಡಿಯೋದ ಕೌಂಟರಿನ ಮೇಲೆ ಹರಡಿ, ಹಳೆಯ ಫೋಟೋಗಳ ಪಕ್ಕದಲ್ಲಿ ಇಟ್ಟೆ. ಅಣಬೆ ಹವಳಗಳ ಅಂಚು ಒಣ ಹಪ್ಪಳದ ಹಾಗೆ ಮೇಲಕ್ಕೆ ಮಡಚಿತ್ತು. ಗುಳ್ಳೆ ಹವಳದ ಬಲಮಗ್ಗುಲು ಬಿಳಿಚಿಕೊಂಡಿತ್ತು. ಆ ಜೋರು ಬೆಳಕಿನ ಎದುರು ನಿಂತವರ ಕಣ್ಣಿಗೆ ಇದು ಕಾಣುವುದಿಲ್ಲ, ಎಲ್ಲವೂ ಥಳಥಳ ಅನ್ನುತ್ತದೆ. ದಿನವೂ ನೋಡುವವರಿಗಂತೂ ಇಲ್ಲವೇ ಇಲ್ಲ. ಇದು ಕಂಡದ್ದು ನನಗೊಬ್ಬಳಿಗೇ.

ಭಾನುವಾರ ಎರಡೂ ಸೆಟ್ಟುಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ನಿಜದ್ದನ್ನೇ ಕೊಡುತ್ತೇನೆ ಎಂದುಕೊಂಡಿದ್ದೆ. ಬಾಗಿಲು ತೆರೆದವಳೇ ಅವಳು, ಈ ಲ್ಯಾಂಪು ಹಾಕಿದ ಮೇಲೆ ಮನೆಗೇ ಕಳೆ ಬಂತು, ನಿನ್ನ ಆ ಟ್ಯೂಬು ತಗಡು ನಂಬಿಕೊಂಡಿದ್ದರೆ ಏನಾಗುತ್ತಿತ್ತೋ ಎಂದಳು. ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಮೇಲಿನ ಕವರು ನಿಜದ್ದು, ಕೆಳಗಿನದು ಚೆಂದದ್ದು. ಕೆಳಗಿನದನ್ನು ತೆಗೆದು ಕೊಟ್ಟೆ.

ಅವಳು ಒಂದೊಂದನ್ನೇ ನೋಡಿ ಹಿಗ್ಗಿದಳು. ಅವನ್ನೇ ಸ್ಕ್ಯಾನ್ ಮಾಡಿಸಿ ಹೊರದೇಶಕ್ಕೆ ಕಳಿಸಿದಳು. ಬಹಳ ಚೆನ್ನಾಗಿದೆ, ಹೀಗೇ ಮುಂದುವರಿಸಿ ಎಂದು ಅವರು ಬರೆದರು. ಅದನ್ನು ಫೋನ್ ಮಾಡಿ ನನಗೆ ಓದಿ ಹೇಳಿದಳು. ನಾನು ಒಳ್ಳೇದಾಯ್ತು ಎಂದೆ. ಅವಳು ತಪ್ಪು ಮಾಡುತ್ತಿದ್ದಾಳೆ, ಅದು ನನಗೆ ಮಾತ್ರ ಗೊತ್ತಿದೆ ಎನ್ನುವುದರಲ್ಲಿ ಎಂಥ ಸುಖವಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಸುಖವಿತ್ತು. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವಾಗ ಡ್ರಾಯರಿನೊಳಗೆ ಆ ನಿಜದ ಸೆಟ್ಟು ಇದೆ ಎಂಬ ನೆನಪಾಗಿ ಮೈ ಹಗುರಾಗುತ್ತಿತ್ತು.

ಮುಂದಿನ ತಿಂಗಳು ಎಲ್ಲವೂ ಬೇಗ ಬೇಗ ಕೆಟ್ಟಿತು. ಬೇಸಿಗೆ ಹತ್ತಿರವಾಗಿ ಲ್ಯಾಂಪಿನ ಶಾಖಕ್ಕೆ ನೀರು ಬಿಸಿಯಾಗತೊಡಗಿತು. ಅದರ ಮೇಲೆ ಕರೆಂಟಿನ ಕಾಟ. ಆ ಜಾತಿಯ ಲ್ಯಾಂಪು ಒಮ್ಮೆ ಆರಿದರೆ, ಪೂರ್ತಿ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಒಂದು ಕ್ಷಣ ಕರೆಂಟ್ ಹೋಗಿ ಬಂದರೂ ಕಾಲು ಗಂಟೆ ಕತ್ತಲೆ, ಆಮೇಲೆ ದಿಢೀರನೆ ನಡುಮಧ್ಯಾಹ್ನ. ಒಂದು ಅಣಬೆ ಹವಳ ಬಂಡೆ ಬಿಟ್ಟು ತೇಲಿತು. ಗುಂಡಿ ಹವಳಗಳು ಮುಚ್ಚಿಕೊಂಡವು, ತೆರೆಯಲಿಲ್ಲ. ಗುಳ್ಳೆ ಹವಳ ಹಗಲಲ್ಲಿ ಉಬ್ಬುವುದನ್ನೇ ನಿಲ್ಲಿಸಿತು, ಅದರ ಸುಣ್ಣದ ಎಲುಬು ಹೊರಗೆ ಕಾಣತೊಡಗಿತು.

ಡಾಕ್ಟರು ನೀರು ಪರೀಕ್ಷೆ ಮಾಡಿದಳು, ನೀರು ಬದಲಿಸಿದಳು, ಉಪ್ಪಿನ ಪ್ಯಾಕೆಟ್ಟನ್ನು ಅನುಮಾನಿಸಿದಳು. ಬೆಳಕನ್ನು ಮಾತ್ರ ಅನುಮಾನಿಸಲಿಲ್ಲ, ಯಾಕೆಂದರೆ ಬೆಳಕು ಚೆನ್ನಾಗಿದೆ ಎಂಬುದಕ್ಕೆ ಅವಳ ಬಳಿ ನನ್ನ ಫೋಟೋಗಳಿದ್ದವು. ಕೊನೆಗೆ ಎಲ್ಲೋ ಓದಿದಳು, ತಾಮ್ರದ ಒಂದು ಚೂರು ನೀರಿಗೆ ಬಿದ್ದರೆ ಹವಳಕ್ಕೆ ವಿಷ ಎಂದು. ಲ್ಯಾಂಪು ಕೂರಿಸುವಾಗ ವೈರಿನ ತಾಮ್ರದ ಎಳೆ ತೊಟ್ಟಿಗೆ ಬಿದ್ದಿರಬೇಕು ಎಂದು ಅವಳಿಗೆ ಖಾತ್ರಿಯಾಯಿತು. ಎಲೆಕ್ಟ್ರಿಷಿಯನ್‌ಗೆ ನರ್ಸುಗಳ ಎದುರಿಗೇ ಬಯ್ದು, ಇನ್ನು ಮೇಲೆ ಮಹಡಿ ಹತ್ತಬೇಡಿ ಎಂದಳು. ನಾನು ಆ ದಿನ ಅಲ್ಲೇ ಇದ್ದೆ. ಕಪ್ಪು ಬಟ್ಟೆ ಮಡಚುತ್ತಿದ್ದೆ. ಮಡಚುತ್ತಲೇ ಇದ್ದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹುಣಸೂರಿನ ಬಸ್ಸು ಹತ್ತಿ ಕೂತಿದ್ದಾಗ ಆ ಎಲೆಕ್ಟ್ರಿಷಿಯನ್ನೇ ಕಿಟಕಿಯ ಹತ್ತಿರ ಬಂದರು. ಕೈಯಲ್ಲಿ ಟೂಲ್ ಚೀಲ ಇತ್ತು. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು.

"ಅಕ್ಕ, ನೀವು ಮೇಡಂಗೆ ಬೇಕಾದೋರು. ಒಂದು ಮಾತು ಹೇಳ್ಬುಡಿ" ಎಂದರು. "ನಾನು ಕೆಳಗೆ ಟವಲ್ ಆಸ್ಕಂಡೇ ವೈರ್ ಸುಲಿದಿದ್ದು. ಒಂದು ಚೂರೂ ಬೀಳ್ಸಿಲ್ಲ ಕಣಕ್ಕ. ಕೆಲ್ಸ ಓದ್ರೆ ಓಗ್ಲಿ. ಅಂಗೆ ಅನ್ನಿಸ್ಕಂಡು ಇರಕ್ಕಾಗಲ್ಲ."

ನಾನು ಹೇಳ್ತೀನಿ ಎಂದೆ. ಅವರು ತಲೆಯಾಡಿಸಿ ಹೋದರು. ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ. ನನ್ನ ಬ್ಯಾಗಿನಲ್ಲಿ ಎಲ್ಲ ಪ್ರಿಂಟುಗಳೂ ಇದ್ದವು, ಚೆಂದದ ಸೆಟ್ಟಿನ ನನ್ನ ಪ್ರತಿಯೂ. ಯಾಕೋ ಅವತ್ತು ಡ್ರಾಯರಿನಲ್ಲಿ ಬಿಟ್ಟು ಬಂದಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಅವಳನ್ನು ಸುಟ್ಟರೆ ನೋಡಲು ನಾನು ತಯಾರಿದ್ದೆ. ಅದು ಹೋಗಿ ಟವಲ್ ಹಾಸಿಕೊಂಡು ಕೆಲಸ ಮಾಡಿದ ಮನುಷ್ಯನನ್ನು ಸುಟ್ಟಿತ್ತು. ಬಸ್ಸು ಸ್ಟ್ಯಾಂಡಿನ ಗೇಟು ದಾಟುವ ಮೊದಲೇ ನಿಲ್ಲಿಸಿ ಎಂದು ಹೇಳಿ ಇಳಿದೆ.

ಅವಳು ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು. ಏನನ್ನಾದರೂ ಮರೆತೆಯಾ ಎಂದು ಕೇಳಿದಳು. ನಾನು ಟೀಪಾಯಿಯ ಮೇಲೆ ಎರಡು ಸಾಲುಗಳಲ್ಲಿ ಫೋಟೋಗಳನ್ನು ಜೋಡಿಸಿದೆ. ಮೇಲೆ ನಿಜದವು, ಕೆಳಗೆ ನಾನು ಅವಳಿಗೆ ಕೊಟ್ಟಿದ್ದರ ಪ್ರತಿಗಳು. ಬೂದು ಕಾರ್ಡನ್ನು ಪಕ್ಕದಲ್ಲಿಟ್ಟು ಯಾವುದನ್ನು ನಂಬಬೇಕು ಎಂದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಎಕ್ಸ್‌ರೇ ನೋಡುವವರ ಹಾಗೆ ಒಂದನ್ನು ಬೆಳಕಿಗೆ ಹಿಡಿದಳು.

"ಇದು ಯಾವತ್ತಿಂದು?"

"ಲ್ಯಾಂಪ್ ಹಾಕಿ ಹದಿನೈದನೇ ದಿನದ್ದು."

"ನಂಗೆ ಕೊಟ್ಟಿದ್ದು ಇದಲ್ಲ."

"ಅಲ್ಲ. ಇದನ್ನ ನಾನು ಇಟ್ಕೊಂಡೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ. ಇನ್ನೇನಾದರೂ ಸೇರಿಸಬೇಕು ಅನ್ನಿಸಿತು. ಸೇರಿಸಿದರೆ ಅದು ನೆಪವಾಗುತ್ತಿತ್ತು.

ಅವಳು ಯಾಕೆ ಎಂದು ಕೇಳಲಿಲ್ಲ. ಎದ್ದು ಹೋಗಿ ಲ್ಯಾಂಪಿನ ಸ್ವಿಚ್ ಆರಿಸಿದಳು. ಕೆಳಗೆ ಫೋನ್ ಮಾಡಿ ಎಲೆಕ್ಟ್ರಿಷಿಯನ್ ಎಲ್ಲಿದ್ದರೂ ಹುಡುಕಿ ಕರೆತನ್ನಿ ಎಂದಳು. ಆಮೇಲೆ ನನ್ನ ಕಡೆ ನೋಡದೆ, "ನೀವು ಕೂತ್ಕೊಳ್ಳಿ" ಎಂದಳು. ಬೆಂಚಿನ ಗೆಳತಿಯ ಬಾಯಿಂದ ಮೊದಲ ಸಲ ಬಹುವಚನ ಕೇಳಿದೆ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಲೆಕ್ಟ್ರಿಷಿಯನ್ ಬಂದಾಗ ಅವಳು ನರ್ಸುಗಳನ್ನೂ ಮೇಲಕ್ಕೆ ಕರೆಸಿದಳು. ಅವರ ಎದುರಿಗೆ ಬಯ್ದಿದ್ದರಿಂದ ಅವರ ಎದುರಿಗೇ ತಪ್ಪಾಯಿತು ಎಂದಳು. ನನ್ನ ಹೆಸರು ಎತ್ತಲಿಲ್ಲ. ನಾನೇ ಹೇಳಿದೆ, ಲೈಟಿನಿಂದ ಆದದ್ದು, ಗೊತ್ತಿದ್ದೂ ನಾನು ಹೇಳಲಿಲ್ಲ ಎಂದು. ಎಲೆಕ್ಟ್ರಿಷಿಯನ್ ನನ್ನನ್ನು ಒಂದು ಸಲ ನೋಡಿ, ಈಗ ಏನು ಮಾಡಬೇಕು ಹೇಳಿ ಎಂದು ಟೂಲ್ ಚೀಲ ಬಿಚ್ಚಿದರು.

ಅವತ್ತಿನಿಂದ ಮೂರೂವರೆ ತಿಂಗಳು ನಾನು ವಾರಕ್ಕೆ ಎರಡು ಸಲ ಕೆ.ಆರ್. ನಗರಕ್ಕೆ ಹೋಗಿಬಂದೆ. ಮೊದಲು ಲ್ಯಾಂಪನ್ನು ಒಂದು ಗೇಣಿನಿಂದ ಮೂರು ಗೇಣಿಗೆ ಎತ್ತರಿಸಿದೆವು. ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದದ್ದನ್ನು ನಾಲ್ಕು ಗಂಟೆಗೆ ಇಳಿಸಿದೆವು. ಆದರೂ ಮೀಟರು ಜಾಸ್ತಿಯೇ ತೋರಿಸಿತು. ಸ್ಟುಡಿಯೋದಲ್ಲಿ ಬೆಳಕನ್ನು ಮೆದುಗೊಳಿಸಲು ಬಟರ್ ಪೇಪರ್ ಹಿಡಿಯುತ್ತೇವೆ. ಇಲ್ಲಿನ ಶಾಖಕ್ಕೆ ಅದು ಹೊತ್ತಿಕೊಳ್ಳುವ ಭಯ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಹೇಗೆ ಎಂದು ಎಲೆಕ್ಟ್ರಿಷಿಯನ್ ಕೇಳಿದರು. ಮರದ ಚೌಕಟ್ಟು ಮಾಡಿಸಿ, ಲ್ಯಾಂಪಿಗೆ ತಾಗದಂತೆ ನೀರಿಗೆ ಹತ್ತಿರವಾಗಿ ಒಂದರ ಮೇಲೊಂದು ಆರು ಪದರ ಜಾಲರಿ ಹಾಸಿದೆವು. ಈಗ ತಳದ ಅಳತೆ ಹಳೆಯ ಟ್ಯೂಬ್‌ಲೈಟಿನ ಕಾಲದ್ದಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಅಲ್ಲಿಂದ ವಾರಕ್ಕೊಂದು ಪದರ ತೆಗೆಯುವುದು ಎಂದು ನಿಶ್ಚಯ ಮಾಡಿದೆವು. ತೆಗೆದ ಮಾರನೆಯ ದಿನ ಅಣಬೆಯ ಅಂಚು ಮಡಚಿದರೆ ಪದರವನ್ನು ವಾಪಸು ಹಾಕುವುದು.

ಗುಳ್ಳೆ ಹವಳವನ್ನು ಡಾಕ್ಟರೇ ಎರಡೂ ಕೈಯಲ್ಲಿ ಎತ್ತಿ, ಬಂಡೆಯ ನೆರಳಿಗೆ ಇಳಿಸಿದಳು. ಕೂಸನ್ನು ಎತ್ತುವ ಕೈಗಳು ಅವು, ಒಂದು ಚೂರೂ ಅಲುಗಲಿಲ್ಲ. ನೀರಿನ ಮೇಲೆ ಗಾಳಿ ಆಡುವಂತೆ ಟೇಬಲ್ ಫ್ಯಾನ್ ಇಟ್ಟೆವು. ನಾನು ಬೆಂಗಳೂರಿನಿಂದ ತರಿಸಿ ಮೂಲೆಯಲ್ಲಿ ಬಿದ್ದಿದ್ದ ನೀಲಿ ಟ್ಯೂಬುಗಳನ್ನು ಎಲೆಕ್ಟ್ರಿಷಿಯನ್ ನರ್ಸಿಂಗ್ ಹೋಮಿನ ಜನರೇಟರ್ ಲೈನಿಗೆ ಸೇರಿಸಿದರು. ಲ್ಯಾಂಪು ಹತ್ತುವ ಒಂದು ಗಂಟೆ ಮೊದಲಿನಿಂದ, ಆರಿ ಒಂದು ಗಂಟೆಯಾಗುವವರೆಗೂ ನೀಲಿ ಉರಿಯುತ್ತಿತ್ತು. ಕರೆಂಟ್ ಹೋದರೂ ಪೂರ್ತಿ ಕತ್ತಲೆಯಾಗುತ್ತಿರಲಿಲ್ಲ.

ಅಷ್ಟೂ ದಿನ ಅವಳು ನನ್ನನ್ನು ನೀವು ಎಂದೇ ಕರೆದಳು. ನಾನು ಅವಳನ್ನು ಡಾಕ್ಟ್ರೇ ಎಂದೆ. ಕಾಫಿ ಕೊಡುವುದನ್ನು ನಿಲ್ಲಿಸಲಿಲ್ಲ, ಎದುರಿಗೆ ಕೂತು ಕುಡಿಯುವುದನ್ನು ನಿಲ್ಲಿಸಿದಳು. ನಾನು ಮೀಟರ್ ನೀರಿನಿಂದ ಎತ್ತಿದ ಕೂಡಲೇ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಕಂಡಿದ್ದನ್ನೆಲ್ಲ ಹೇಳಿದಿರಾ, ಇನ್ನೇನಾದರೂ ಇದೆಯಾ. ರೋಗಿಯ ಕಡೆಯವರನ್ನು ಕೇಳುವ ಧಾಟಿಯಲ್ಲಿ. ನಾನು ಎಲ್ಲವನ್ನೂ ಹೇಳುತ್ತಿದ್ದೆ. ಗುಂಡಿ ಹವಳದಲ್ಲಿ ಅರ್ಧದಷ್ಟು ಕೊಳೆತಿದೆ, ಉಳಿಸಿಕೊಳ್ಳಲಾಗುವುದಿಲ್ಲ ಎಂದು ಹೇಳಿದ್ದು ನಾನೇ. ಮೂರನೇ ಪದರವನ್ನು ಎರಡು ದಿನ ಮೊದಲೇ ತೆಗೆದದ್ದು ನನ್ನ ಆತುರ, ಅದರಿಂದ ಅಣಬೆಗಳು ಮತ್ತೆ ಮುದುಡಿವೆ ಎಂದು ಹೇಳಿದ್ದೂ ನಾನೇ. ಅವಳು ಹೂಂ ಎನ್ನುತ್ತಿದ್ದಳು.

ನಾಲ್ಕು ಪದರ ತೆಗೆದ ಮೇಲೆ ನಿಲ್ಲಿಸಿದೆವು. ಐದನೆಯದನ್ನು ಎರಡು ಸಲ ತೆಗೆದು ನೋಡಿದೆವು, ಎರಡು ಸಲವೂ ಅಂಚುಗಳು ಎದ್ದವು. ಅಂದರೆ ಆ ಲ್ಯಾಂಪೇ ಈ ಹವಳಗಳಿಗೆ ಹೆಚ್ಚು. ಹೊರದೇಶದವರು ಸಾಕುತ್ತಿದ್ದದ್ದು ಅಲೆಯ ಕೆಳಗೆ, ಬಿಸಿಲಿನಲ್ಲೇ ಬೆಳೆಯುವ ಕೊಂಬಿನ ಹವಳಗಳನ್ನು. ಇವಳ ಹತ್ತಿರ ಇದ್ದವು ನೆರಳಿನ ಜಾತಿಯವು. ಅವರು ಹೇಳಿದ್ದೂ ಸುಳ್ಳಲ್ಲ. ಅದು ಇವುಗಳಿಗೆ ಹೇಳಿದ್ದಲ್ಲ, ಅಷ್ಟೇ. ನೂರೈವತ್ತು ವ್ಯಾಟಿನ, ನೀಲಿ ಛಾಯೆಯ ಲ್ಯಾಂಪು ಹಾಕಿ ಜಾಲರಿಗಳನ್ನೆಲ್ಲ ತೆಗೆಯೋಣ ಎಂದು ನಾನು ಬರೆದುಕೊಟ್ಟೆ. ಅವಳು ಆ ಕಾಗದವನ್ನು ಪೂರ್ತಿ ಓದಿದಳು. ಎರಡು ಕಡೆ ಪ್ರಶ್ನೆ ಕೇಳಿ, ತರಿಸಿದಳು.

ಹೊಸ ಲ್ಯಾಂಪು ಬಂದ ಮೂರನೆಯ ವಾರ ಗುಳ್ಳೆ ಹವಳ ಪೂರ್ತಿ ಉಬ್ಬಿತು. ಬಿಳಿಚಿದ್ದ ಬಲಮಗ್ಗುಲು ಕಂದು ಬಣ್ಣಕ್ಕೆ ತಿರುಗಿ, ಕಂದಿನ ಮೇಲೆ ತೆಳು ಹಸಿರು ಬಂದಿತ್ತು. ಫೋಟೋ ತೆಗೆಯಬೇಕು ಬನ್ನಿ ಎಂದು ಫೋನ್ ಬಂತು. ಹೋದೆ. ಕಪ್ಪು ಬಟ್ಟೆ ಕಟ್ಟಿ, ಟ್ರೈಪಾಡನ್ನು ನೆಲದ ಟೇಪಿನ ಮೇಲೆ ನಿಲ್ಲಿಸಿದೆ. ಅವಳು ಹಿಂದೆ ಕುರ್ಚಿಯಲ್ಲಿ ಕೂತಿದ್ದಳು. ವ್ಯೂಫೈಂಡರಿನಲ್ಲಿ ನೋಡಿದರೆ ಒಂದೊಂದು ಗುಳ್ಳೆಯೊಳಗೂ ಬೆಳಕು ನಿಂತಿತ್ತು. ಆ ಬೆಳಕು ನಾನು ಅಳೆದು ಕೊಟ್ಟದ್ದು. ಆದರೂ ಆ ತೊಟ್ಟಿ ಅವಳದ್ದು, ಆ ಹಾಲು ಅವಳದ್ದು, ನಾಳೆ ಬೆಳಿಗ್ಗೆ ಎದ್ದು ಅದನ್ನು ನೋಡುವವಳು ಅವಳು. ಎದೆಯಲ್ಲಿ ಅದೇ ಹಳೆಯ ಕಿಡಿ ಎದ್ದಿತು. ಅಷ್ಟು ತಿಂಗಳ ಓಡಾಟದಲ್ಲಿ ಅದು ಆರಿದೆ ಎಂದುಕೊಂಡಿದ್ದೆ.

ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದೆ. "ಇನ್ನೇನಾದ್ರೂ ಇದೆಯಾ ಅಂತ ನೀನು ಕೇಳ್ತಿದ್ದೆ ಅಲ್ವಾ. ಒಂದಿದೆ. ಇದನ್ನ ನೋಡಿದ್ರೆ ಹೊಟ್ಟೆ ಉರೀತದೆ ಕಣೇ ನಂಗೆ. ಅವತ್ತೂ ಉರೀತಿತ್ತು. ಇವತ್ತೂ ಉರೀತದೆ."

ಟೇಬಲ್ ಫ್ಯಾನು ಒಂದು ಸಲ ಆ ಕಡೆ ತಿರುಗಿ ಈ ಕಡೆ ಬಂತು.

"ಉರೀಲಿ ಬುಡೇ" ಎಂದಳು. "ನೀನು ಮೊದ್ಲು ಫೋಕಸ್ ನೋಡು."

ನೋಡಿದೆ. ಎಡಮೂಲೆಯ ಅಣಬೆಯ ಅಂಚು ಕೂದಲೆಳೆಯಷ್ಟು ಮೇಲೆದ್ದಂತಿತ್ತು. ಹೇಳಿದೆ. ಅವಳು ಕುರ್ಚಿಯಿಂದ ಎದ್ದು ಬಂದು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ನನ್ನ ಪಕ್ಕದಲ್ಲಿ ಬಗ್ಗಿ ನೋಡಿದಳು.